ಡಬ್ಬದಲ್ಲಿ ಜಿರಳೆ ಸಾಯುತ್ತಿದೆಯಾ? ಹುಳ ಬಿಡಿ, ಮೊದಲು ಮಣ್ಣು ನೋಡಿ

ಜಿರಳೆ ಕೊಲ್ಲುವುದು ಹೇಗೆ ಅಂತ ಕೇಳಿದರೆ ಊರೆಲ್ಲ ಹೇಳಿಕೊಡುತ್ತದೆ. ಸಾಕಿದ ಜಿರಳೆ ಸಾಯುತ್ತಿದೆ, ಏನು ಮಾಡಲಿ ಅಂತ ಕೇಳಿದರೆ ಎಲ್ಲರೂ ಮುಖ ನೋಡಿ ನಗುತ್ತಾರೆ. ನಗಲಿ ಬಿಡಿ. ನಮ್ಮ ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಹವೆಯಲ್ಲಿ ಹೊಸದಾಗಿ ಡಬ್ಬ ಇಟ್ಟವರಿಗೆ ಏನೇನು ಕೆಡುತ್ತದೆ, ಯಾಕೆ ಕೆಡುತ್ತದೆ, ಹೇಗೆ ಪತ್ತೆ ಹಚ್ಚಬೇಕು ಅನ್ನುವುದಷ್ಟೇ ಇಲ್ಲಿದೆ. ಹುಳ ಸತ್ತ ತಕ್ಷಣ "ಏನೋ ರೋಗ ಬಂದಿದೆ" ಅನ್ನುವುದು ವಾಡಿಕೆ. ಆದರೆ ಜಿರಳೆಗೆ ಅಷ್ಟು ಸುಲಭವಾಗಿ ರೋಗ ಬರುವುದಿಲ್ಲ. ಕೆಟ್ಟಿರುವುದು ಡಬ್ಬ.

ಇಲ್ಲಿ ಹೇಳುತ್ತಿರುವುದು ಏಳು ಚುಕ್ಕೆ ಜಿರಳೆಯ ಬಗ್ಗೆ. ಹೊರದೇಶದಲ್ಲಿ ಸಾಕುವವರು ಇದನ್ನು ಡಾಮಿನೋ ಜಿರಳೆ ಅನ್ನುತ್ತಾರೆ, ಶಾಸ್ತ್ರೀಯ ಹೆಸರು ಥೇರಿಯಾ ಪೆಟಿವೆರಿಯಾನಾ. ಕಪ್ಪು ಮೈ, ರೆಕ್ಕೆಯ ಮೇಲೆ ಏಳು ದೊಡ್ಡ ಬಿಳಿ ಚುಕ್ಕೆ. ನೋಡಿದರೆ ಜಿರಳೆ ಅಂತ ಯಾರೂ ಹೇಳುವುದಿಲ್ಲ. 1758ರಲ್ಲಿ ಸ್ವೀಡನ್ನಿನ ಜೀವಿಶಾಸ್ತ್ರಜ್ಞ ಲಿನೇಯಸ್ ಕೂಡ ಇದನ್ನು ಜೀರುಂಡೆಗಳ ಸಾಲಿಗೇ ಸೇರಿಸಿದ್ದ. ದಕ್ಷಿಣ ಭಾರತದ ಕುರುಚಲು ಕಾಡಿನ, ತರಗೆಲೆ ಮಣ್ಣಿನ ಹುಳ ಇದು. ಅಡುಗೆಮನೆ ಜಿರಳೆಯ ಹಾಗೆ ಮನೆಯೊಳಗೆ ಸಂಸಾರ ಹೂಡುವುದಿಲ್ಲ, ಮರಿಗೆ ಮಣ್ಣು ಬೇಕೇ ಬೇಕು. ಮನೆಯಲ್ಲಿ ಅಮ್ಮನನ್ನು ಒಪ್ಪಿಸಲು ಈ ಒಂದು ಮಾತು ಸಾಕಾಗುತ್ತದೆ.

ಬುಸ್ ಅನ್ನುವ ದೊಡ್ಡ ಮಡಗಾಸ್ಕರ್ ಜಿರಳೆ ಬೇಕು ಅನ್ನುವವರು ಇದ್ದಾರೆ. ಚೆನ್ನಾಗಿದೆ, ನಿಜ. ಆದರೆ 2003ರ ಸಸ್ಯ ಸಂಗರೋಧ (ಪ್ಲಾಂಟ್ ಕ್ವಾರಂಟೈನ್) ಆದೇಶದ ಪ್ರಕಾರ ಜೀವಂತ ಕೀಟವನ್ನು ಹೊರದೇಶದಿಂದ ತರಿಸಲು ಪರವಾನಗಿ ಬೇಕು. ಹೊಸಬರು ಆ ಗೋಜಿಗೆ ಹೋಗದಿರುವುದೇ ಒಳ್ಳೆಯದು. ಕಾಲ ಕೆಳಗೇ ಇಷ್ಟು ಚೆಂದದ ಹುಳ ಇರುವಾಗ ಅದೆಲ್ಲ ಯಾಕೆ? ಅಂದಹಾಗೆ ನಂದಿ ಬೆಟ್ಟ, ಸ್ಕಂದಗಿರಿಯ ಅರಣ್ಯದಿಂದ ಹುಳ ಹಿಡಿದು ತರಬೇಡಿ, ಕಾನೂನು ಬಿಡುವುದಿಲ್ಲ. ನಿಮ್ಮದೇ ತೋಟದ ಬದು, ಮಾವಿನ ಮರದ ಬುಡ ಹುಡುಕಿ. ಮಳೆ ಹಿಡಿದ ಮೇಲೆ ಸಂಜೆ ಹೊತ್ತು ದೊಡ್ಡವು ಹೊರಗೆ ಬರುತ್ತವೆ.

ಡಬ್ಬ ಹೇಗಿರಬೇಕು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. 20 ಲೀಟರಿನ ಪ್ಲಾಸ್ಟಿಕ್ ಡಬ್ಬ ಅಥವಾ ಹಳೆಯ ಮೀನಿನ ತೊಟ್ಟಿ. ತಳದಲ್ಲಿ ನಾಲ್ಕು ಇಂಚು ತೆಂಗಿನ ನಾರಿನ ಪುಡಿ ಮತ್ತು ಕೊಳೆತ ಎಲೆಗೊಬ್ಬರ, ಅದರ ಮೇಲೆ ಎರಡು ಇಂಚು ಒಣ ಎಲೆ. ಮುಚ್ಚಳದಲ್ಲಿ ದೊಡ್ಡ ಕಿಟಕಿ ಕೊರೆದು, ರೇಷ್ಮೆ ಮನೆಗೆ, ಹುಳವನ್ನು ಕಾಡುವ ಊಜಿ ನೊಣ ಬರದಂತೆ ಕಟ್ಟುವ ಪರದೆ ಇದೆಯಲ್ಲ, ಅದರದ್ದೇ ಒಂದು ತುಂಡು ಅಂಟಿಸಿ. ಬೆಳೆದ ಹುಳಕ್ಕೆ ರೆಕ್ಕೆ ಇದೆ, ಸ್ವಲ್ಪ ದೂರ ಹಾರುತ್ತದೆ. ಹಾಗಾಗಿ ಮುಚ್ಚಳ ತೆರೆದಿಡಬೇಡಿ. ಬಿಸಿಲು ಬೀಳದ ಕಡೆ ಇಡಿ.

ಮೊದಲ ಪರೀಕ್ಷೆ: ಮುಷ್ಟಿ

ಯಾವ ತೊಂದರೆ ಕಂಡರೂ ಮೊದಲು ಇದನ್ನು ಮಾಡಿ. ಎಲೆ ಸರಿಸಿ, ಎರಡು ಇಂಚು ಕೆಳಗಿನಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಂಡಿ. ಬೆರಳ ಸಂದಿಯಿಂದ ನೀರು ಇಳಿದರೆ ಜಾಸ್ತಿ ಒದ್ದೆ. ಉಂಡೆಯಾಗಿ ನಿಂತು, ಬೆರಳಲ್ಲಿ ತಿವಿದಾಗ ಒಡೆದರೆ ಹದ ಸರಿ ಇದೆ. ಉಂಡೆಯೇ ಆಗದೆ ಉದುರಿದರೆ ಒಣಗಿದೆ. ಬಿತ್ತನೆಗೆ ಮುಂಚೆ ಹೊಲದ ಹದ ನೋಡುವುದೂ ಹೀಗೇ, ಹೊಸದೇನಲ್ಲ.

ಹಿಂಡುವಾಗ ಒಳಗೆ ಮರಿ ಸಿಕ್ಕಿಕೊಂಡಿಲ್ಲ ಅಂತ ನೋಡಿಕೊಳ್ಳಿ. ಕಂದು ಬಣ್ಣದ ಚಪ್ಪಟೆ ಮರಿಗಳು ಮಣ್ಣಿನ ಬಣ್ಣದಲ್ಲೇ ಇರುತ್ತವೆ.

ಡಬ್ಬ ಪಾರದರ್ಶಕವಾಗಿದ್ದರೆ ಪಕ್ಕದಿಂದಲೂ ನೋಡಿ. ತಳದಲ್ಲಿ ಒಂದು ಗಾಢ ಪಟ್ಟಿ, ಮೇಲೆ ಬರಬರುತ್ತ ತಿಳಿ ಬಣ್ಣ ಕಂಡರೆ ಒಳ್ಳೆಯದು. ಮೇಲಿಂದ ಕೆಳಗಿನವರೆಗೆ ಒಂದೇ ಗಾಢ ಬಣ್ಣ, ಗೋಡೆಯ ಮೇಲೆಲ್ಲ ನೀರಿನ ಹನಿ ಇದ್ದರೆ ಗಾಳಿ ಸಾಲದು. ತಿಳಿ ಬಣ್ಣವೇ ತಳ ಮುಟ್ಟಿದ್ದರೆ ನೀರು ಸಾಲದು. ಹೊಸಬರು ಸ್ಪ್ರೇ ಬಾಟಲಿ ಹಿಡಿದು ದಿನಾ ಮೇಲೆ ಮೇಲೆ ನೀರು ಚಿಮುಕಿಸುತ್ತಾರೆ. ಆಗ ಎಲೆ ಒದ್ದೆ, ತಳ ಒಣ. ಬೇಕಾದದ್ದಕ್ಕೆ ಪೂರ್ತಿ ತಿರುವುಮುರುವು. ಒಂದು ಮೂಲೆಯಲ್ಲಿ ನಿಧಾನಕ್ಕೆ ಒಂದು ಲೋಟ ನೀರು ಸುರಿಯಿರಿ, ಅದೇ ತಳಕ್ಕೆ ಇಳಿದು ಹರಡುತ್ತದೆ. ಇನ್ನೊಂದು ಮೂಲೆ ಒಣಗಿರಲಿ. ತನಗೆ ಎಷ್ಟು ತೇವ ಬೇಕು ಅಂತ ಹುಳವೇ ಜಾಗ ಹುಡುಕಿಕೊಳ್ಳುತ್ತದೆ.

ಬೆನ್ನ ಮೇಲೆ ಬಿದ್ದು ಕಾಲು ಅದುರುತ್ತಿದ್ದರೆ

ಮುಷ್ಟಿ ಪರೀಕ್ಷೆಗೂ ಕಾಯದೆ ಓಡಬೇಕಾದ್ದು ಇದೊಂದಕ್ಕೇ. ಹುಳ ಅಂಗಾತ ಬಿದ್ದಿದೆ, ನೇರ ಮಾಡಿದರೆ ಎರಡು ಹೆಜ್ಜೆ ಓಲಾಡಿ ಮತ್ತೆ ಬೀಳುತ್ತದೆ, ಕಾಲು ನಡುಗುತ್ತಲೇ ಇದೆ. ಜತೆಗೆ ಒಂದಲ್ಲ, ಹಲವು ಹುಳ ಒಟ್ಟಿಗೆ ಹೀಗಾಗಿವೆ. ಇದು ವಿಷ. ನರಕ್ಕೆ ಹೊಡೆಯುವ ಕೀಟನಾಶಕದ ಲಕ್ಷಣವೇ ಹೀಗೆ. ಮುದಿಯಾಗಿ ಸಾಯುವ ಹುಳ ಒಂದೊಂದಾಗಿ, ಸದ್ದಿಲ್ಲದೆ ಸಾಯುತ್ತದೆ. ಹಿಂಡು ಹಿಂಡಾಗಿ ನಡುಗುವುದಿಲ್ಲ.

ಎಲ್ಲಿಂದ ಬಂತು? ನಮ್ಮ ಕಡೆ ಮೊದಲು ಅನುಮಾನ ಪಡಬೇಕಾದ್ದು ತರಕಾರಿ. ಟೊಮೆಟೊ, ಹೂಕೋಸು, ದ್ರಾಕ್ಷಿ ಬೆಳೆಯುವ ಜಿಲ್ಲೆ ಇದು. ಔಷಧಿ ಹೊಡೆಯದೆ ಈ ಬೆಳೆ ಮಾರುಕಟ್ಟೆಗೆ ಹೋಗುವುದು ಅಪರೂಪ. ನಾವು ತೊಳೆದು ಬೇಯಿಸಿ ತಿನ್ನುತ್ತೇವೆ. ಹುಳ ಹಸಿ ಎಲೆಯ ಅಂಚನ್ನೇ ಕೆರೆಯುತ್ತದೆ. ಹೂಕೋಸಿನ ಹೊರ ಎಲೆ, ದ್ರಾಕ್ಷಿ ಸಿಪ್ಪೆ ಹಾಕಲೇಬೇಡಿ. ಸಿಪ್ಪೆ ತೆಗೆದ ಕ್ಯಾರೆಟ್, ಸಿಪ್ಪೆ ತೆಗೆದ ಬಾಳೆಹಣ್ಣು, ಹಲಸಿನ ತೊಳೆ, ಇವು ಹೆಚ್ಚು ಸುರಕ್ಷಿತ. ಹಿಪ್ಪುನೇರಳೆ ಸೊಪ್ಪು ಹಾಕುವುದಾದರೆ ರೇಷ್ಮೆ ಹುಳಕ್ಕೆ ಹಾಕುವಂಥ ಸೊಪ್ಪೇ ಬೇಕು, ಬೇಲಿಯ ಪಕ್ಕ ಯಾರದೋ ತೋಟದ ಔಷಧಿ ಹಾರಿ ಬಿದ್ದದ್ದಲ್ಲ.

ಎರಡನೆಯ ಅನುಮಾನ ಮನೆಯೊಳಗೆ. ಸೊಳ್ಳೆ ಓಡಿಸಲು ಪ್ಲಗ್ಗಿಗೆ ಸಿಕ್ಕಿಸುವ ಲಿಕ್ವಿಡ್, ಸೊಳ್ಳೆ ಬತ್ತಿ, ಇರುವೆಗೆ ಎಳೆಯುವ ಸೀಮೆಸುಣ್ಣ, ನಾಯಿಗೆ ಹಾಕುವ ಚಿಗಟದ ಪುಡಿ. ನಾಯಿ ಮುದ್ದಾಡಿದ ಕೈಯಲ್ಲೇ ಡಬ್ಬಕ್ಕೆ ಕೈ ಹಾಕಿದರೂ ಸಾಕು. ಮೂರನೆಯದು ಹುಳುಮನೆ, ಅಂದರೆ ರೇಷ್ಮೆ ಹುಳ ಸಾಕುವ ಮನೆ. ಒಂದು ಬೆಳೆ ಮುಗಿದು ಇನ್ನೊಂದಕ್ಕೆ ಮುಂಚೆ ಹುಳುಮನೆಗೆ ಬ್ಲೀಚಿಂಗ್ ಪುಡಿ, ಫಾರ್ಮಲಿನ್ ಹೊಡೆದು ಬಾಗಿಲು ಹಾಕುತ್ತೇವೆ ಅಲ್ವಾ? ಡಬ್ಬ ಅದೇ ಮನೆಯ ಮೂಲೆಯಲ್ಲಿದ್ದರೆ ಮಾರನೆಯ ದಿನ ಏನಾಗಿರುತ್ತದೆ ಅಂತ ಹೇಳಬೇಕಿಲ್ಲ. ಅದಕ್ಕೇ ಜಿರಳೆ ಡಬ್ಬವನ್ನು ಹುಳುಮನೆಯಲ್ಲಿ ಇಡಬೇಡಿ. ರೇಷ್ಮೆಯ ದೃಷ್ಟಿಯಿಂದಲೂ ಅದು ಸರಿಯಲ್ಲ, ಆ ಮನೆಗೆ ಬೇರೆ ಹುಳ ಯಾವುದೂ ಬೇಡ.

ವಿಷ ಅಂತ ಖಾತ್ರಿಯಾದರೆ ಮಣ್ಣು, ಎಲೆ, ಊಟ ಎಲ್ಲ ಆಚೆ ಚೆಲ್ಲಿ. ಡಬ್ಬ ಸೋಪಿನಲ್ಲಿ ತೊಳೆದು, ಚೆನ್ನಾಗಿ ಜಾಲಿಸಿ, ಹೊಸ ಮಣ್ಣು ಹಾಕಿ. ಉಳಿದ ಹುಳಗಳನ್ನು ಗಾಳಿಯಾಡುವ ಬೇರೆ ಡಬ್ಬಕ್ಕೆ ಬಿಡಿ. ಕೆಲವು ಚೇತರಿಸಿಕೊಳ್ಳಬಹುದು, ಕಾಲು ನಡುಗಲು ಶುರುವಾದವು ಸಾಮಾನ್ಯವಾಗಿ ಇಲ್ಲ. ಮುಂದೆ ಹೊಸ ಸೊಪ್ಪು, ಹೊಸ ಎಲೆ ಏನೇ ತಂದರೂ ಮೊದಲು ನಾಲ್ಕೈದು ಮರಿಗಳ ಜತೆ ಪ್ರತ್ಯೇಕ ಡಬ್ಬದಲ್ಲಿ ಎರಡು ಮೂರು ದಿನ ಇಟ್ಟು ನೋಡಿ. ಅನುಮಾನದ ಸೊಪ್ಪು ಬಂದಾಗ ನಾಲ್ಕು ಹುಳಕ್ಕೆ ಹಾಕಿ ನೋಡುವುದು ರೇಷ್ಮೆ ಮನೆಗಳಲ್ಲಿ ಗೊತ್ತಿರುವ ಉಪಾಯವೇ.

ಹಾಸುವ ಎಲೆಯ ವಿಷಯವೂ ಇಲ್ಲೇ ಬರುತ್ತದೆ. ಬಾದಾಮಿ ಮರದ ಎಲೆ, ಆಲ, ಹಲಸು, ಮಾವು ಒಳ್ಳೆಯದು. ನೀಲಗಿರಿ ಬೇಡ, ಅದರ ಎಣ್ಣೆ ಹುಳಕ್ಕಾಗದು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕೈಗೆ ಮೊದಲು ಸಿಗುವುದೇ ನೀಲಗಿರಿ ಎಲೆ, ಅದೇ ಕಷ್ಟ. ಹೊಂಗೆಯನ್ನೂ ಬಿಡಿ. ಬೇವನ್ನಂತೂ ಮುಟ್ಟಬೇಡಿ. "ಇರುವೆ ಬರಲ್ಲ, ಒಂದು ಹಿಡಿ ಬೇವಿನೆಲೆ ಹಾಕಪ್ಪ" ಅಂತ ಅಜ್ಜಿ ಪ್ರೀತಿಯಿಂದಲೇ ಹೇಳುತ್ತಾರೆ. ಬೇವಿನಲ್ಲಿರುವ ಅಜಾಡಿರಕ್ಟಿನ್ ಹುಳ ಪೊರೆ ಕಳಚುವುದನ್ನೇ ಕೆಡಿಸುತ್ತದೆ. ಸಾವು ತಕ್ಷಣ ಬರುವುದಿಲ್ಲ, ಮುಂದಿನ ಪೊರೆಯ ಹೊತ್ತಿಗೆ ಬರುತ್ತದೆ. ಆಗ ಬೇವಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಪೊರೆ ಅರ್ಧಕ್ಕೆ ಸಿಕ್ಕಿಕೊಂಡರೆ

ಮರಿ ಬೆಳೆಯುವುದೇ ಪೊರೆ ಬಿಟ್ಟು ಬಿಟ್ಟು. ಸರಿಯಾಗಿ ನಡೆದರೆ ನೋಡಲು ಸೊಗಸು. ಬೆನ್ನಿನ ನಡು ಗೆರೆ ಸೀಳುತ್ತದೆ, ಒಳಗಿಂದ ಹಾಲಿನ ಬಣ್ಣದ ಮೆತ್ತನೆ ಮೈ ಉಬ್ಬಿ ಮೇಲೆ ಬರುತ್ತದೆ. ಮೊದಲು ಬೆನ್ನು, ಆಮೇಲೆ ತಲೆ, ಕೊನೆಗೆ ಒಂದೊಂದೇ ಕಾಲು, ಉದ್ದನೆಯ ಮೀಸೆ ಎಳೆಯಾಗಿ ಹೊರಬರುತ್ತದೆ. ಕಣ್ಣು ಮಾತ್ರ ಕಪ್ಪು ಚುಕ್ಕೆ. ಖಾಲಿ ಪೊರೆ ಪಕ್ಕದಲ್ಲಿ ಬಿದ್ದಿರುತ್ತದೆ, ಎಷ್ಟೋ ಸಲ ಹುಳವೇ ಅದನ್ನು ತಿಂದು ಮುಗಿಸುತ್ತದೆ.

ಕೆಟ್ಟರೆ ಹೀಗಾಗುತ್ತದೆ: ಹಿಂಗಾಲು ಹಳೆಯ ಪೊರೆಯಲ್ಲೇ ಉಳಿದು ಹುಳ ಅದನ್ನು ಎಳೆದುಕೊಂಡು ಓಡಾಡುತ್ತದೆ, ಕಾಲು ಸೊಟ್ಟಗಾಗುತ್ತದೆ, ಬೆಳೆದ ಹುಳವಾದರೆ ರೆಕ್ಕೆ ಮುದುಡಿ ಗಟ್ಟಿಯಾಗುತ್ತದೆ. ಕಾರಣ ಹುಡುಕಲು ಕ್ಯಾಲೆಂಡರ್ ನೋಡಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಈ ದೂರು ಜಾಸ್ತಿ. ಮುಂಗಾರಿಗೆ ಮುಂಚಿನ ಒಣ ಗಾಳಿ ಡಬ್ಬದ ತೇವವನ್ನೆಲ್ಲ ಹೀರಿರುತ್ತದೆ. ಮುಷ್ಟಿ ಪರೀಕ್ಷೆ ಮಾಡಿ, ಮೂಲೆಗೆ ನೀರು ಹಾಕಿ, ಮುಚ್ಚಳದ ಪರದೆಯ ಅರ್ಧ ಭಾಗಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಸಿಕ್ಕಿಕೊಂಡ ಹುಳವನ್ನು ಚಿಮಟದಲ್ಲಿ ಎಳೆದು ಬಿಡಿಸಲು ಹೋಗಬೇಡಿ, ಮೆತ್ತನೆ ಕಾಲು ಕಿತ್ತು ಬರುತ್ತದೆ. ಒದ್ದೆ ಹತ್ತಿಯ ಪಕ್ಕ ಬಿಡಿ, ತಾನೇ ಬಿಡಿಸಿಕೊಂಡರೆ ಸರಿ. ಮರಿಯಾಗಿದ್ದು ಕಾಲು ಹೋದರೂ ಮುಂದಿನ ಪೊರೆಗಳಲ್ಲಿ ಮತ್ತೆ ಚಿಗುರುತ್ತದೆ.

ರೇಷ್ಮೆ ಮನೆಯವರು ಇಲ್ಲಿ ಎಡವುವುದುಂಟು. ರೇಷ್ಮೆ ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಕೂತಾಗ, ಹಾಸಿಗೆ ಒಣಗಲಿ ಅಂತ ಸುಣ್ಣದ ಪುಡಿ ಉದುರಿಸುತ್ತೇವೆ. ಆ ಅಭ್ಯಾಸ ಇಲ್ಲಿಗೆ ತರಬೇಡಿ. ರೇಷ್ಮೆಗೆ ಆಗ ಒಣ ಹಾಸಿಗೆ ಬೇಕು, ಈ ಜಿರಳೆಗೆ ತೇವ ಬೇಕು. ಸುಣ್ಣ ಬಿದ್ದರೆ ತೇವ ಹೋಗುತ್ತದೆ, ಮೈಯೂ ಒಣಗುತ್ತದೆ. ಮುಟ್ಟದೆ ಸುಮ್ನೆ ಬಿಡುವುದು ಮಾತ್ರ ಎರಡಕ್ಕೂ ಒಂದೇ.

ದೋಷ ಅಂದುಕೊಂಡರೂ ದೋಷ ಅಲ್ಲದ್ದು

"ಅಣ್ಣಾ, ಒಂದು ಹುಳ ಬೆಳ್ಳಗಾಗಿಬಿಟ್ಟಿದೆ, ಬೇರೆ ಹುಳಕ್ಕೆ ಅಂಟುತ್ತಾ?" ಇಲ್ಲ ಮಾರಾಯ. ಅದು ಈಗಷ್ಟೇ ಪೊರೆ ಬಿಟ್ಟಿದೆ. ಕೆಲವು ಗಂಟೆ ಬಿಟ್ಟು ನೋಡು, ಬಣ್ಣ ಬಂದಿರುತ್ತದೆ. ಅಲ್ಲಿಯವರೆಗೆ ಕೈ ಹಾಕಬೇಡ.

ಮರಿಗಳು ಕಾಣುತ್ತಲೇ ಇಲ್ಲ ಅನ್ನುವುದೂ ದೋಷ ಅಲ್ಲ. ಮಣ್ಣೊಳಗೆ ಇರುವುದೇ ಅವುಗಳ ಬಾಳು. ರಾತ್ರಿ ಇಟ್ಟ ಕ್ಯಾರೆಟ್ ತುಂಡಿನ ಅಂಚು ಬೆಳಗ್ಗೆ ಕೆರೆದಂತಿದ್ದರೆ ಎಲ್ಲ ಸರಿ ಇದೆ. ದಿನಾ ಅಗೆದು ಎಣಿಸುವವರ ಡಬ್ಬದಲ್ಲೇ ಸಾವು ಜಾಸ್ತಿ.

ಇನ್ನೊಂದು, ಚುಕ್ಕೆ ಬಂದ ದೊಡ್ಡ ಹುಳಗಳು ಕೆಲವು ತಿಂಗಳಿಗೆ ಒಂದೊಂದಾಗಿ ಸಾಯುವುದು. ಮರಿಯಾಗಿ ತಿಂಗಳುಗಟ್ಟಲೆ ಮಣ್ಣಲ್ಲಿದ್ದು, ರೆಕ್ಕೆ ಬಂದ ಮೇಲೆ ಸ್ವಲ್ಪ ಕಾಲವಷ್ಟೇ ಬದುಕುವ ಜೀವ ಇದು. ಕಾಸು ಕೊಟ್ಟು ಬರೀ ದೊಡ್ಡ ಹುಳ ತಂದವರಿಗೆ ಮೋಸ ಹೋದಂತೆ ಅನ್ನಿಸುತ್ತದೆ. ಶುರು ಮಾಡುವಾಗ ಮರಿಗಳನ್ನೇ ತನ್ನಿ.

ಲೆಕ್ಕ ಕಡಿಮೆಯಾಗುತ್ತಿದೆ, ಹೆಣ ಸಿಗುತ್ತಿಲ್ಲ

ಚುಕ್ಕೆ ಎಣಿಸಿ. ತಮಾಷೆ ಅಲ್ಲ. ನಮ್ಮ ಕುರುಚಲು ನೆಲದಲ್ಲಿ ಇದೇ ಥರ ಕಪ್ಪು ಮೈ, ಬಿಳಿ ಚುಕ್ಕೆಯ ಒಂದು ನೆಲ ಜೀರುಂಡೆ ಇದೆ, ಆಂಥಿಯಾ ಸೆಕ್ಸ್‌ಗಟ್ಟಾಟಾ. ಅದಕ್ಕೆ ಆರು ಚುಕ್ಕೆ: ಕತ್ತಿನ ಫಲಕದ ಮೇಲೆ ಎರಡು, ರೆಕ್ಕೆಯ ಮೇಲೆ ನಾಲ್ಕು. ಜಿರಳೆಗಿಂತ ಉದ್ದ, ಸೊಂಟ ಸಣ್ಣ, ಮುಂದಕ್ಕೆ ಚಾಚಿದ ಬಲವಾದ ದವಡೆ. ಅದು ಬೇಟೆಗಾರ. ಕೆಣಕಿದರೆ ಸುಡುವಂಥ ಆಮ್ಲ ಚಿಮ್ಮಿಸುತ್ತದೆ, ಕಣ್ಣಿಗೆ ಬಿದ್ದರೆ ಕಷ್ಟ. ಏಳು ಚುಕ್ಕೆ ಜಿರಳೆ ಅದರ ವೇಷ ಹಾಕಿಕೊಂಡೇ ಹಲ್ಲಿ, ಹಕ್ಕಿಗಳಿಂದ ಬಚಾವಾಗುತ್ತದೆ ಅನ್ನುತ್ತಾರೆ ತಿಳಿದವರು. ಸಂಜೆಗತ್ತಲಲ್ಲಿ ತೋಟದಿಂದ ಹುಳ ಹಿಡಿದು ತರುವಾಗ ಆ ಅಸಲಿಯನ್ನೇ ಡಬ್ಬಕ್ಕೆ ಬಿಟ್ಟುಕೊಂಡರೆ ಮರಿಗಳು ಒಂದೊಂದಾಗಿ ಮಾಯ. ಕಂಡರೆ ಬರಿಗೈಯಲ್ಲಿ ಹಿಡಿಯಬೇಡಿ, ಲೋಟ ಕವುಚಿ, ಕೆಳಗೆ ರಟ್ಟು ತೂರಿಸಿ ಎತ್ತಿ ತೋಟಕ್ಕೆ ಬಿಡಿ.

ಜೀರುಂಡೆ ಇಲ್ಲವಾದರೆ ಇರುವೆ. ಪೊರೆ ಬಿಡುತ್ತಿರುವ ಮೆತ್ತನೆ ಹುಳ ಅವಕ್ಕೆ ಹಬ್ಬ. ಡಬ್ಬವನ್ನು ಸ್ಟ್ಯಾಂಡ್ ಮೇಲಿಟ್ಟು, ನಾಲ್ಕೂ ಕಾಲು ನೀರಿನ ಬಟ್ಟಲಲ್ಲಿ ಇರುವಂತೆ ಮಾಡಿ. ಬಟ್ಟಲ ನೀರಿಗೆ ಒಂದು ಹನಿ ಸೋಪು ಹಾಕಿದರೆ ಇರುವೆ ಈಜಿ ದಾಟುವುದಿಲ್ಲ. ಸ್ಟ್ಯಾಂಡ್ ಗೋಡೆಗೆ ತಾಗಿರಬಾರದು, ಒಂದು ಕಡ್ಡಿ ಒರಗಿದ್ದರೂ ಸೇತುವೆಯಾಯಿತು.

ಎರಡೂ ಅಲ್ಲದಿದ್ದರೆ ಒಂದನ್ನೊಂದು ತಿನ್ನುತ್ತಿವೆ. ರೆಕ್ಕೆಯ ಅಂಚು ಕಚ್ಚಿದಂತಿದ್ದರೆ ಖಾತ್ರಿ. ಗಿಜಿಗುಡುವಷ್ಟು ಹುಳ ಇದ್ದು, ಬರೀ ಹಣ್ಣು ಹಾಕುತ್ತಿದ್ದರೆ ಹೀಗಾಗುತ್ತದೆ. ವಾರಕ್ಕೆರಡು ಸಲ ಒಂದು ಚಿಟಿಕೆ ಮೀನಿನ ಆಹಾರ ಕೊಡಿ, ಜಾಗ ದೊಡ್ಡದು ಮಾಡಿ.

ವಾಸನೆ, ಬೂಷ್ಟು, ನುಸಿ

ಆರೋಗ್ಯದ ಡಬ್ಬಕ್ಕೆ ಮೊದಲ ಮಳೆಯ ನೆಲದ ವಾಸನೆ. ಹುಳಿ ವಾಸನೆ ಬಂದರೆ ಹಣ್ಣು ಕೊಳೆತಿದೆ. ಹಲಸಿನ ಕಾಲದಲ್ಲಿ ಇದು ತಪ್ಪಿದ್ದಲ್ಲ, ಒಂದು ತೊಳೆ ಹಾಕಬೇಕಾದ ಕಡೆ ಆರು ಹಾಕುತ್ತಾರೆ. ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆಯಾದರೆ ಒದ್ದೆ ಮಣ್ಣಿಗೆ ಮೀನಿನ ಆಹಾರ ಬಿದ್ದು ಕೊಳೆಯುತ್ತಿದೆ. ಊಟವನ್ನು ಬಾಟಲಿ ಮುಚ್ಚಳದಲ್ಲಿಟ್ಟು, ಮಾರನೆಯ ದಿನ ಉಳಿದದ್ದು ತೆಗೆಯಿರಿ.

ಊಟದ ಮೇಲೆ ಧೂಳು ಹರಿದಾಡಿದಂತೆ ಕಂಡರೆ ನುಸಿ. ರಾಗಿ ಹಿಟ್ಟು, ಬೂಸ ಹಾಕುವವರ ಡಬ್ಬದಲ್ಲಿ ಸಾಮಾನ್ಯ, ಹಿಟ್ಟಿನ ಜತೆಯೇ ಬಂದಿರುತ್ತದೆ. ಹಿಟ್ಟು ನಿಲ್ಲಿಸಿ, ಮೇಲಿನ ಪದರ ಒಣಗಲು ಬಿಡಿ. ಅದರ ಥರವೇ ಬೆಳ್ಳಗಿದ್ದು, ಊದಿದರೆ ಟಕ್ ಅಂತ ಜಿಗಿಯುವ ಸಣ್ಣ ಜೀವಿಗಳೂ ಇರುತ್ತವೆ. ಅವು ಬೂಷ್ಟು ತಿನ್ನುವ ಮಿತ್ರರು, ಅವನ್ನು ಓಡಿಸಬೇಡಿ.

ವರ್ಷವಾದರೂ ಮರಿ ಇಲ್ಲ

ಮೊದಲ ಪ್ರಶ್ನೆ: ಮಣ್ಣು ಯಾವಾಗ ಬದಲಿಸಿದಿರಿ? ಏಳು ಚುಕ್ಕೆ ಜಿರಳೆ ಮೊಟ್ಟೆಗಳನ್ನು ಗಟ್ಟಿ ಕಂದು ಕೋಶದಲ್ಲಿಟ್ಟು ಮಣ್ಣಿಗೆ ಬಿಡುತ್ತದೆ. ಅವರೆಕಾಳಿಗಿಂತ ಚಿಕ್ಕದು, ಒಂದು ಅಂಚಿನಲ್ಲಿ ಸಣ್ಣ ಹಲ್ಲು. ಶುಚಿ ಅಂತ ತಿಂಗಳಿಗೊಮ್ಮೆ ಮಣ್ಣು ಚೆಲ್ಲಿದರೆ ಮುಂದಿನ ಸಂತತಿಯೆಲ್ಲ ತಿಪ್ಪೆಗೆ. ಮಣ್ಣು ಬದಲಿಸಲೇಬೇಕಾದರೆ ಹಿಡಿ ಹಿಡಿಯಾಗಿ ಬಿಳಿ ತಟ್ಟೆಯ ಮೇಲೆ ಹರಡಿ, ಕೋಶ ಆರಿಸಿ ಹೊಸ ಮಣ್ಣಿಗೆ ಸೇರಿಸಿ.

ಎರಡನೆಯದು ಚಳಿ. ಡಿಸೆಂಬರ್, ಜನವರಿಯಲ್ಲಿ ನಮ್ಮ ರಾತ್ರಿಗಳು 15 ಡಿಗ್ರಿ ಆಸುಪಾಸಿಗೆ ಇಳಿಯುತ್ತವೆ. ಆಗ ಮರಿ ತಿನ್ನುವುದೂ ಬೆಳೆಯುವುದೂ ನಿಧಾನ. ಕಾಯಿರಿ, ಅಷ್ಟೆ. ಮೇಲೆ ಬಲ್ಬು ಕಟ್ಟಿದರೆ ಬಿಸಿಗಿಂತ ಮೊದಲು ಮಣ್ಣು ಒಣಗುತ್ತದೆ. ಬೇಸಿಗೆಯಲ್ಲಿ ಮಾತ್ರ ಕಾಯಬೇಡಿ. ಶೀಟ್ ಹೊದಿಸಿದ ಕೋಣೆಯಾದರೆ ಡಬ್ಬವನ್ನು ಇವತ್ತೇ ನೆಲಕ್ಕಿಳಿಸಿ, ಮಧ್ಯಾಹ್ನದ ಕಾವು 40 ಡಿಗ್ರಿ ಮುಟ್ಟಿದರೆ ಒಂದೇ ದಿನದಲ್ಲಿ ಎಲ್ಲ ಮುಗಿಯುತ್ತದೆ.

ಡಬ್ಬ ತೆರೆದಾಗ ನಿಮಗೆ ಸೀನು ಬಂದರೆ

ಜಿರಳೆಯ ಹಿಕ್ಕೆ, ಒಣ ಪೊರೆಯ ಪುಡಿ ಅಲರ್ಜಿ ತರುತ್ತದೆ. ಉಬ್ಬಸ ಇರುವವರಿಗೆ ಅದು ಕೆರಳುತ್ತದೆ. ಮನೆಯಲ್ಲಿ ಅಂಥವರಿದ್ದರೆ ಡಬ್ಬ ಮಲಗುವ ಕೋಣೆಯಲ್ಲಿ ಬೇಡ. ಒಣ ಮಣ್ಣನ್ನು ಮನೆಯೊಳಗೆ ಜರಡಿ ಹಿಡಿಯಬೇಡಿ, ಸ್ವಲ್ಪ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ಮಾಡಿ, ಆಮೇಲೆ ಕೈ ತೊಳೆಯಿರಿ. ಅಷ್ಟಾದರೂ ಸೀನು, ಎದೆ ಬಿಗಿತ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ಹುಳಗಳನ್ನು ಸಾಕುವ ಬೇರೆಯವರಿಗೆ ಕೊಡಿ, ಅಥವಾ ಹಿಡಿದು ತಂದ ಅದೇ ತೋಟದ ಎಲೆರಾಶಿಗೆ, ಮಳೆಗಾಲದ ಸಂಜೆ ನೋಡಿ ಬಿಟ್ಟು ಬನ್ನಿ.